ಕೆಂಪು ಮುಳ್ಳಿನ ಹಾಲೇಶಪ್ಪ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಹಾಲೇಶಪ್ಪನಿಗೆ ತನ್ನ ಪೆದ್ದುತನವನ್ನು ತಾನೇ ಹೇಳಿಕೊಂಡು ನಗುವ ಚಟ. ಬೇರೆಯವರು ನಗುವ ಮೊದಲೇ ನಕ್ಕುಬಿಟ್ಟರೆ ಉರಿ ಅರ್ಧ ಕಡಿಮೆ ಎಂದು ಅವನು ನಂಬಿದ್ದ. ಹಾಗಾಗಿ ಮುಂದೆ ಎಲ್ಲಾದರೂ ಅವನನ್ನು ಹೀಯಾಳಿಸಿದಂತೆ ಕಂಡರೆ, ಆ ಮಾತು ಮೊದಲು ಅವನ ಬಾಯಿಂದಲೇ ಬಂದದ್ದೆಂದು ತಿಳಿಯಬೇಕು. ನನ್ನದೇನೂ ತಪ್ಪಿಲ್ಲ.

1993ರಲ್ಲಿ ಅಂಗಡಿ ತೆರೆದಾಗ ಅವನಿಗೆ ಸಂಗೀತವೂ ಗೊತ್ತಿರಲಿಲ್ಲ, ಯಂತ್ರವೂ ಗೊತ್ತಿರಲಿಲ್ಲ. ಎರಡೂ ಗೊತ್ತು ಎಂಬ ಧೈರ್ಯ ಮಾತ್ರ ಭರ್ತಿ ಇತ್ತು. ಮುಂದಿನ ಕೋಣೆಯಲ್ಲಿ ಎರಡು ಮೈಕು, ಒಂದು ಮಿಕ್ಸರ್, ಒಂದು ದೊಡ್ಡ ಡೆಕ್. ಹಿಂದಿನ ಕೋಣೆಯಲ್ಲಿ ಕ್ಯಾಸೆಟ್ ಕಾಪಿ ತೆಗೆಯುವ ಡಬಲ್ ಡೆಕ್. ಗೋಡೆಗೆಲ್ಲ ಗೋಣಿತಟ್ಟು ಹೊಡೆದು, ಅದರ ಮೇಲೆ ಹಳೆಯ ಜಮಖಾನ ಬಡಿದಿದ್ದ. ದೊಡ್ಡ ಡೆಕ್ಕಿನಲ್ಲಿ ದನಿಯ ಅಳತೆ ತೋರಿಸುವ ಎರಡು ಮುಳ್ಳುಗಳಿದ್ದವು. ಸಣ್ಣ ದನಿಗೆ ಮುಳ್ಳು ಬಿಳಿ ಜಾಗದಲ್ಲಿ ಆಡುತ್ತಿತ್ತು, ದನಿ ಮಿತಿ ಮೀರಿದರೆ ಕೆಂಪು ಜಾಗಕ್ಕೆ ಹೋಗುತ್ತಿತ್ತು. ಜೊತೆಗೆ ಬಂದಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಹಾಲೇಶಪ್ಪ ಚಿತ್ರ ಮಾತ್ರ ನೋಡಿದ. ಒಂದು ಚಿತ್ರದಲ್ಲಿ ಮುಳ್ಳು ಕೆಂಪಿನಲ್ಲಿ ನಿಂತಿತ್ತು, ಪಕ್ಕದಲ್ಲಿ ದೊಡ್ಡದಾಗಿ ಒಂದು ಕತ್ತರಿ ಗುರುತು. ಹೀಗೆ ಮಾಡಬೇಡಿ ಎಂದು ಅದರ ಅರ್ಥ. ಹಾಲೇಶಪ್ಪ ಅದನ್ನು ಗುಣಾಕಾರದ ಗುರುತೆಂದು ತಿಳಿದ. ಅಂದರೆ ಇನ್ನೂ ಏರಿಸಿ!

ಏರಿಸಿದ. ಅವನ ಅಂಗಡಿಯಲ್ಲಿ ರೆಕಾರ್ಡ್ ಆದ ಭಜನೆ, ತತ್ವಪದ, ಗೀಗೀಪದ ಯಾವುದೇ ಇರಲಿ, ಮುಳ್ಳು ಕೆಂಪು ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಇಳಿದರೆ ಅವನಿಗೆ ಅಪಮಾನ. ಹಾಡುವವರು ಕೊಡದೊಳಗೆ ತಲೆಯಿಟ್ಟು ಜಗಳವಾಡಿದಂತೆ ಕೇಳುತ್ತಿತ್ತು. ಆದರೆ ಕೊಟ್ಟೂರು, ಹಡಗಲಿ, ಹರಪನಹಳ್ಳಿ ರಸ್ತೆಗಳಲ್ಲಿ ಓಡುತ್ತಿದ್ದ ಪ್ರೈವೇಟ್ ಬಸ್ಸಿನ ಡ್ರೈವರುಗಳಿಗೆ ಅದೇ ಬೇಕಿತ್ತು. ಎಂಜಿನ್ನಿನ ಗದ್ದಲ ಮೀರಿ ಕಡೆಯ ಸೀಟಿಗೂ ಕೇಳುವ ಕ್ಯಾಸೆಟ್ಟು ಅಂದರೆ ಹಾಲೇಶಪ್ಪನದು ಎಂದು ಹೆಸರಾಯಿತು. ‘ಕೆಂಪು ಮುಳ್ಳಿನ ಹಾಲೇಶಪ್ಪ’ ಎಂದು ಕರೆಯತೊಡಗಿದರು. ಅವನು ಅದನ್ನೇ ಬೋರ್ಡಿನ ಮೇಲೆ ಬರೆಸಿದ.

ಹತ್ತಿರ ಹತ್ತಿರ ಆರು ವರ್ಷ ಹಗಲೆಲ್ಲ ಕೆಂಪು ಮುಳ್ಳಿನ ಮುಂದೆ ಹೆಡ್‌ಫೋನ್ ಹಾಕಿ ಕೂತವನ ಕಿವಿ ಏನಾಗಬೇಕೋ ಅದೇ ಆಯಿತು. ಮೊದಲು ಹೋದದ್ದು ಹೆಂಡತಿಯ ಬಳೆಯ ಸದ್ದು. ಆಮೇಲೆ ಸೈಕಲ್ ಬೆಲ್ಲು. ಆಮೇಲೆ ಎದುರಿಗಿದ್ದವರು ದನಿ ತಗ್ಗಿಸಿದರೆ ತುಟಿ ಮಾತ್ರ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಹಾಲೇಶಪ್ಪ ಹೆದರಿದ. ಅಂಗಡಿಯಲ್ಲಿ ಇದ್ದ ಬಂಡವಾಳವೆಂದರೆ ಅವನ ಕಿವಿ. ರೆಕಾರ್ಡಿಂಗ್ ಮಾಡುವವನಿಗೆ ಕಿವಿ ಮಂದ ಎಂದು ಒಬ್ಬ ಡ್ರೈವರಿಗೆ ತಿಳಿದರೆ ಸಾಕು, ಸಂಜೆಯೊಳಗೆ ಸುತ್ತಲಿನ ಐದೂ ತಾಲೂಕಿಗೆ ಸುದ್ದಿ ಮುಟ್ಟುತ್ತದೆ, ಬೋರ್ಡು ಇಳಿಸಿ ಮನೆಗೆ ಹೋಗಬೇಕು. ಅದಕ್ಕೇ ಅವನು ಯಾರಿಗೂ ಹೇಳಲಿಲ್ಲ. ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತ. ಹಿಡಿಯದಿದ್ದರೆ ‘ಹ್ಞಾಂ ಹ್ಞಾಂ, ಖರೇ’ ಎನ್ನುತ್ತಿದ್ದ. ಹೀಗೆ ‘ಖರೇ’ ಎಂದೇ ಒಂದು ಸಲ ಯಾರದೋ ಎಮ್ಮೆಗೆ ಗಿರಾಕಿ ತಾನೇ ಎಂದು ಒಪ್ಪಿಕೊಂಡು, ಮರುದಿನ ಅಂಗಡಿ ಬಾಗಿಲಿಗೆ ಬಂದು ನಿಂತ ಎಮ್ಮೆಯನ್ನು ವಾಪಸು ಕಳಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ.

ಕನ್ನಡದಲ್ಲಿ ಕೇಳುವುದೆಂದರೆ ಕಿವಿಗೆ ಬೀಳುವುದೂ ಹೌದು, ಇನ್ನೊಬ್ಬರನ್ನು ವಿಚಾರಿಸುವುದೂ ಹೌದು. ಹಾಲೇಶಪ್ಪ ಎರಡನ್ನೂ ಒಟ್ಟಿಗೇ ಕಳೆದುಕೊಂಡ. ಕೇಳಿಸದ್ದನ್ನು ಮತ್ತೊಮ್ಮೆ ಹೇಳು ಎಂದು ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತಲ್ಲ, ಅದಕ್ಕೆ.

2003ರಲ್ಲಿ ಕಂಪ್ಯೂಟರ್ ಬಂತು. ಒಂದೇ ಸಿ.ಡಿ.ಯಲ್ಲಿ ನೂರಿಪ್ಪತ್ತು ಹಾಡು ತುಂಬಿ ಕೊಡುವ ಕಾಲ. ಹಾಲೇಶಪ್ಪ ತನ್ನ ಹತ್ತು ವರ್ಷದ ಹಾಡುಗಳನ್ನೆಲ್ಲ ಮೂಲ ಟೇಪಿನಿಂದ ಅದರೊಳಗೆ ಇಳಿಸಿ, ಮೊದಲ ಸಿ.ಡಿ.ಯನ್ನು ಓಬಳೇಶನಿಗೆ ಕೊಟ್ಟ. ಓಬಳೇಶ ಕೊಟ್ಟೂರಿನಿಂದ ಹಡಗಲಿಗೆ ಹೋಗುವ ಬಸ್ಸಿನ ಡ್ರೈವರ್, ಹಾಡಿಲ್ಲದೆ ಗೇರು ಹಾಕದವನು. ಮೂರನೇ ದಿನಕ್ಕೇ ಸಿ.ಡಿ. ಹಿಡಿದು ಬಂದ.

“ಹಾಲೇಶಣ್ಣ, ಇದೇನ್ ಮಾಡಿಕೊಟ್ಟಿ ಮಾರಾಯ? ಒಂದ್ ಹಾಡಿಗೆ ಕಿವಿ ಹರಿತೈತಿ, ಮುಂದಿನ ಹಾಡು ಬಂತಂದ್ರ ಏನೂ ಕೇಳ್ಸಂಗಿಲ್ಲ. ನಾ ಸ್ಟೇರಿಂಗ್ ಹಿಡೀಲೋ, ಸೌಂಡಿನ ಬಟನ್ ಹಿಡೀಲೋ? ಮೊನ್ನಿ ಬಟನ್ ತಿರುವೋ ಹೊತ್ನ್ಯಾಗ ಒಂದ್ ಬಣವಿಗೆ ಗುದ್ದತಿದ್ದೆ.”

“ಸಂಜೀಕ ಬಾ. ಎಲ್ಲಾ ಒಂದಾ ಸಮ ಮಾಡಿ ಕೊಡ್ತೀನಿ,” ಎಂದ ಹಾಲೇಶಪ್ಪ. ಅವನಿಗೆ ಧೈರ್ಯವಿತ್ತು. ಯಾಕೆಂದರೆ ಕಂಪ್ಯೂಟರಿನಲ್ಲಿ ಹಾಡುಗಳನ್ನು ಸಮ ಮಾಡಲೆಂದೇ ಒಂದು ಬಟನ್ ಇತ್ತು. ಅದನ್ನು ಒತ್ತಿದರೆ ಪ್ರತಿ ಹಾಡಿನ ಅತಿ ಎತ್ತರದ ತುದಿಯನ್ನು ಹುಡುಕಿ, ಎಲ್ಲ ಹಾಡುಗಳ ತುದಿಯನ್ನೂ ಒಂದೇ ಗೆರೆಗೆ ತಂದು ನಿಲ್ಲಿಸುತ್ತಿತ್ತು. ಕಿವಿಯ ಹಂಗೇ ಬೇಡ. ಇಂಥದೊಂದು ಬಟನ್ನಿಗಾಗಿಯೇ ಹಾಲೇಶಪ್ಪ ನಾಲ್ಕು ವರ್ಷದಿಂದ ಕಾಯುತ್ತಿದ್ದನೆಂದರೂ ಸುಳ್ಳಲ್ಲ. ಒತ್ತಿದ. ಪರದೆಯ ಮೇಲೆ ನೂರಿಪ್ಪತ್ತು ಹಾಡೂ ಒಂದೇ ಗೆರೆಗೆ ತಲೆ ತಾಗಿಸಿ ನಿಂತವು. ಹೊಸ ಸಿ.ಡಿ.ಯನ್ನು ಓಬಳೇಶನಿಗೆ ಕೊಟ್ಟು, ತಾನೇ ಬಸ್ಸು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

ಮೊದಲು ಬಂದದ್ದು ಡೊಳ್ಳಿನ ಪದ. ಓಬಳೇಶ ಬಟನ್ ಏರಿಸಿದ. ಮತ್ತೂ ಏರಿಸಿದ. ಡೊಳ್ಳಿನ ಏಟು ಆಗಾಗ ಟಪ್ಪೆನ್ನುತ್ತಿತ್ತು, ನಡುವೆ ಹಾಡುವವನು ಬಾವಿಯೊಳಗಿದ್ದಂತಿತ್ತು. ಅದು ಮುಗಿದು ಹಾರ್ಮೋನಿಯಂ ಭಜನೆ ಶುರುವಾದದ್ದೇ ತಡ, ಬಸ್ಸಿಗೆ ಬಸ್ಸೇ ಹೌಹಾರಿತು. ಎದೆಹಾಲು ಕುಡಿಯುತ್ತಿದ್ದ ಕೂಸು ಚಿಟ್ಟನೆ ಚೀರಿತು. ಕೋಳಿಬುಟ್ಟಿ ಹಿಡಿದಿದ್ದ ಮುದುಕ ಬುಟ್ಟಿ ಕೈಬಿಟ್ಟ, ಎರಡು ಹುಂಜ ಸೀಟಿನ ಕೆಳಗೆ ಓಡಿದವು. ಹಾಲೇಶಪ್ಪನಿಗೆ ಭಜನೆ ಮಾತ್ರ ಹಿತವಾಗಿ ಕೇಳಿಸಿತು. ಜನರೇಕೆ ಕಿವಿ ಮುಚ್ಚಿಕೊಂಡರೆಂದು ತಿಳಿಯಲಿಲ್ಲ. ತಾನೂ ಒಮ್ಮೆ ಕಿವಿ ಮುಚ್ಚಿದಂತೆ ಮಾಡಿದ.

“ಎಲ್ಲಾ ಒಂದಾ ಸಮ ಐತಲೇ, ನಾನಾ ಕಣ್ಣಾರೆ ನೋಡೀನಿ!” ಎಂದು ವಾದಿಸಿದ.

“ಹಾಡು ಕಣ್ಣಾಗ ನೋಡ್ತಾರೇನಣ್ಣ?” ಎಂದ ಓಬಳೇಶ.

ಆ ಬಟನ್ನಿನ ಹುಳುಕು ಅವನಿಗೆ ಆಮೇಲೆ ಹೊಳೆಯಿತು. ಸಾಲಾಗಿ ನಿಂತ ಗಂಡಸರ ಎತ್ತರವನ್ನು ರುಮಾಲಿನ ತುದಿಯವರೆಗೆ ಅಳೆದಂತೆ ಅದು. ಮೂರು ಮೊಳದ ಕುಳ್ಳ ದೊಡ್ಡ ರುಮಾಲು ಸುತ್ತಿದರೆ ಬರಿದಲೆಯ ಉದ್ದನೆಯವನಿಗೆ ಸಮ ಬರುತ್ತಾನೆ. ಡೊಳ್ಳಿನ ಏಟು ರುಮಾಲು, ಅದರ ಕೆಳಗಿನ ಹಾಡು ಕುಳ್ಳ. ಭಜನೆಗೆ ರುಮಾಲೇ ಇಲ್ಲ, ಮೈಯೆಲ್ಲ ಎತ್ತರ. ಯಂತ್ರ ತುದಿಯನ್ನು ಅಳೆಯುತ್ತದೆ, ಕಿವಿ ಇಡೀ ಆಳನ್ನು ಅಳೆಯುತ್ತದೆ. ಇಷ್ಟು ತಿಳಿದು ಏನು ಬಂತು? ಆಳನ್ನು ಅಳೆಯುವ ಕಿವಿಯೇ ಅವನಲ್ಲಿರಲಿಲ್ಲ.

ಮನೆಗೆ ಬಂದು ಹೆಂಡತಿ ನೀಲಗಂಗಮ್ಮನ ಮುಂದೆ ಕಂಪ್ಯೂಟರನ್ನು ಬೈದ. ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆಯ ಮೊದಲ ಕೋಣೆ. ಆಕೆ ಅಲ್ಲಿ ಡಬಲ್ ಡೆಕ್ಕಿನ ಪಕ್ಕ ಕೂತು, ಹಡಗಲಿಯಿಂದ ಬಂದ ಮಲ್ಲಿಗೆ ಮೊಗ್ಗನ್ನು ಎಣಿಸುತ್ತ ಮಾಲೆ ಕಟ್ಟುವುದು ವರ್ಷಗಳ ರೂಢಿ. ಕಾಪಿ ತೆಗೆಯುವ ಕ್ಯಾಸೆಟ್ಟನ್ನು ತಿರುವಿ ಹಾಕುವ ಕೆಲಸವೂ ಆಕೆಯದೇ.

“ಹತ್ತು ವರ್ಷ ಕ್ಯಾಸೆಟ್ ಮಾಡೀನಿ, ಒಬ್ಬರಾದ್ರೂ ಹೆಚ್ಚು ಕಡಿಮಿ ಅಂದಾರೇನು? ನನ್ನ ಡೆಕ್ಕಿನ್ಯಾಗ ಎಲ್ಲಾ ಒಂದಾ ಸಮ ಬರ್ತಿತ್ತು. ಈ ಡಬ್ಬಿ ಬಂದು ನನ್ನ ಮರ್ಯಾದಿ ತೆಗೀತು!”

ನೀಲಗಂಗಮ್ಮ ದಾರ ಕಚ್ಚಿ ಹರಿದಳು. ಎದ್ದು ಬಂದು, ತುಟಿ ಕಾಣುವಂತೆ ಅವನ ಮುಖದ ನೇರಕ್ಕೆ ನಿಂತಳು. “ಡಬಲ್ ಡೆಕ್ಕಿನ ಬಟನ್ ಮ್ಯಾಲೆ ಒಂದು ಸುಣ್ಣದ ಬೊಟ್ಟು ಐತಲ್ಲ, ನೋಡೀರೇನು?”

ನೋಡದೆ ಏನು? ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚಿ ಆ ಬೊಟ್ಟಿಗೆ ಕೈ ಮುಗಿಯುತ್ತಿದ್ದ. ಅಂಗಡಿಗೆ ಯಾರದೂ ದೃಷ್ಟಿ ತಾಗದಿರಲೆಂದು ಹೆಂಡತಿ ಇಟ್ಟದ್ದೆಂದು ತಿಳಿದಿದ್ದ. ಬೊಟ್ಟು ಮಾಸಿದರೆ, “ಅದನ್ನಷ್ಟು ಹಚ್ಚಲೇ,” ಎಂದು ತಾನೇ ನೆನಪು ಮಾಡುತ್ತಿದ್ದ.

“ದೃಷ್ಟಿಬೊಟ್ಟಲ್ಲ ಅದು. ನೀವು ಮುಂದ ಹೋದಕೂಡ್ಲೇ ನಾ ದನಿ ಅಲ್ಲಿಮಟ ಇಳಸ್ತಿದ್ದೆ. ಹೂ ಎಣಸೋವಾಗ ಎಣಿಕಿ ತಪ್ತಂದ್ರ ಹಾಡು ಜಾಸ್ತಿ ಆತು ಅಂತ ಲೆಕ್ಕ, ಬಾಗಿ ಕೇಳ್ಬೇಕಾತಂದ್ರ ಕಡಿಮಿ ಆತು ಅಂತ ಲೆಕ್ಕ. ಹಾಡು ಹಾಡಿಗೂ ಬೊಟ್ಟಿನ ಆಚಿ ಈಚಿ ತಿರುವಿ ಸಮ ಮಾಡ್ತಿದ್ದೆ. ಮೂರು ವರ್ಷ ಆತು.” ಆಕೆ ಸ್ವಲ್ಪ ತಡೆದಳು. “ನಿಮ್ಮ ಕಿವಿ ನನಗ ಗೊತ್ತಿಲ್ಲೇನು? ನನ್ನ ಕೈಬಳಿ ಸಪ್ಪಳ ಕೇಳೋದು ಬಿಟ್ಟು ಎಷ್ಟು ದಿನಾತು ನೀವು.”

ಹಾಲೇಶಪ್ಪನಿಗೆ ಸಿಟ್ಟು ಬಂತು. ಊಟ ಬಿಟ್ಟ. ಆಮೇಲೆ ಮೂರು ವರ್ಷ ದಿನಾ ಕೈ ಮುಗಿದದ್ದು ಯಾವ ದೇವರಿಗೆ ಎಂದು ಯೋಚಿಸಿ, ಹೆಂಡತಿಯ ಸುಣ್ಣದ ಬೆರಳಿಗೆ ಎಂದು ತಿಳಿದು, ಒಬ್ಬನೇ ನಕ್ಕ. ಕೆಂಪು ಮುಳ್ಳಿನ ಹಾಲೇಶಪ್ಪನ ಸೌಂಡು ಈಚೆಗೆ ಬಹಳ ಹದವಾಗಿದೆ ಎಂದು ಜನ ಹೊಗಳಿದ್ದೆಲ್ಲ ಅವನು ಚಹಾಕ್ಕೆ ಹೋಗಿದ್ದಾಗ ಆದ ಕೆಲಸ. ಆದರೂ ಗುಟ್ಟು ಗುಟ್ಟಾಗಿಯೇ ಇರಲಿ ಎಂದು ಗಂಡಹೆಂಡತಿ ಮಾತಾಡಿಕೊಂಡರು. ಅಂದಿನಿಂದ ಆಕೆ ಹೂ ಎಣಿಸುತ್ತ ಬಾಗಿಲ ಸಂದಿಯಿಂದ ಕೈ ಎತ್ತಿ ಇಳಿಸಿ ತೋರಿಸುವುದು, ಇವನು ಕಂಪ್ಯೂಟರಿನಲ್ಲಿ ಹಾಗೆಯೇ ಮಾಡುವುದು. ಬಂದವರಿಗೆ ಮಾತ್ರ ಇವನೇ ಕಣ್ಣು ಮುಚ್ಚಿ, ತಲೆ ತೂಗಿ, ದೊಡ್ಡ ಪರಿಣತನಂತೆ ‘ಹ್ಞಾಂ, ಈಗ ಬಂತು’ ಎನ್ನುವುದು.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ದ್ಯಾಮಕ್ಕ ಬಂದಳು.

ದ್ಯಾಮಕ್ಕನಿಗೆ ಎಪ್ಪತ್ತು ದಾಟಿತ್ತು. ಕುರಿ ಸಾಕುವ ಮನೆತನ. ಸುತ್ತಲಿನ ಹಳ್ಳಿಗಳ ಮದುವೆಗಳಲ್ಲಿ ಸೋಬಾನೆ ಹೇಳಲು ಆಕೆಯನ್ನೇ ಕರೆಯುತ್ತಿದ್ದರು. ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹೊತ್ತಿನ ಹಾಡೊಂದಿತ್ತು, ಪೂರ್ತಿ ಬರುತ್ತಿದ್ದದ್ದು ಆಕೆಯೊಬ್ಬಳಿಗೇ. ದಮ್ಮು ಕಡಿಮೆಯಾಗುತ್ತಿತ್ತು. ಜೊತೆಗೆ ಹಾಡುವ ಮೂವರು ಹೆಂಗಸರನ್ನು, ಅವರಲ್ಲಿ ಮುಂದಾಳು ನಾಗಲಿಂಗಮ್ಮನನ್ನು ಕರೆದುಕೊಂಡು ಅಂಗಡಿಗೆ ಬಂದು ಕೂತು ಹೇಳಿದಳು: “ನಾ ಹೋದ ಮ್ಯಾಲೆ ನಮ್ಮ ಹುಡುಗ್ಯಾರನ್ನ ಯಾರು ಕಳಸ್ತಾರಪ್ಪ? ಅದಕ್ಕ ಈ ಹಾಡು ಇದರಾಗ ಹಿಡಿದಿಡು. ಒಂದಾ ಸಲ ಹಾಡ್ತೀನಿ. ಸುಮ್‌ಸುಮ್ನ ಹಾಡೋ ಹಾಡಲ್ಲ ಇದು.”

ಕಳಿಸುವ ಹೆಣ್ಣು ಇಲ್ಲದ ಮನೆಯಲ್ಲಿ ಆ ಹಾಡು ಹಾಡಬಾರದಂತೆ. ಅದಕ್ಕೆ ಅವರೇ ಉಪಾಯ ಮಾಡಿಕೊಂಡು ಬಂದಿದ್ದರು. ಹಿತ್ತಾಳೆ ತಂಬಿಗೆಗೆ ಅಕ್ಕಿ ತುಂಬಿ, ಹಸಿರು ಕುಪ್ಪಸದ ಬಟ್ಟೆ ಸುತ್ತಿ, ಅರಿಶಿನ ಕುಂಕುಮ ಹಚ್ಚಿ ಮಣೆಯ ಮೇಲೆ ಕೂರಿಸಿದರು. ಅದೇ ಮದುಮಗಳು. ನೀಲಗಂಗಮ್ಮ ತಾನು ಕಟ್ಟಿದ ಮಾಲೆಯನ್ನು ಅದಕ್ಕೆ ಮುಡಿಸಿ ಹಿಂದಿನ ಕೋಣೆಗೆ ಹೋದಳು. ಹಾಲೇಶಪ್ಪ ಹೆಡ್‌ಫೋನ್ ಹಾಕಿ, ಪರದೆಯ ಮೇಲೆ ದನಿ ಅಳೆಯುವ ಹಸಿರು ಪಟ್ಟಿ ಏರಿಳಿಯುವುದನ್ನು ನೋಡುತ್ತ ಕೂತ. ದ್ಯಾಮಕ್ಕನ ದನಿ ಒರಟು, ಗಟ್ಟಿ, ಅವನ ಕಿವಿಗೂ ಚೆನ್ನಾಗಿ ನಿಲುಕುತ್ತಿತ್ತು. ಹತ್ತು ನಿಮಿಷ ಎಲ್ಲ ಸರಿಯಾಗಿ ನಡೆಯಿತು. ತಾನು ಕಿವುಡನೆಂಬುದೇ ಅವನಿಗೆ ಮರೆತಂತಾಗಿತ್ತು.

ಅಷ್ಟರಲ್ಲಿ ದ್ಯಾಮಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಂಬಿಗೆಯ ಕಡೆ ಬಾಗಿದಳು. ಹಸಿರು ಪಟ್ಟಿ ಕುಸಿದು ನೆಲ ಹಿಡಿಯಿತು. ಹೆಡ್‌ಫೋನಿನಲ್ಲಿ ಏನೂ ಇಲ್ಲ. ತುಟಿ ನೋಡೋಣವೆಂದರೆ ಸೆರಗು. ಮುದುಕಿಗೆ ಕೆಮ್ಮು ಬಂತೋ, ಹಾಡು ಮರೆಯಿತೋ ಎಂದು ಹಾಲೇಶಪ್ಪ ಗಾಬರಿಯಾದ. ಒಂದೇ ಸಲ ಹಾಡುವ ಹಾಡು ಬೇರೆ! ತಡೆಯಲಾರದೆ ಕೂಗಿಯೇಬಿಟ್ಟ: “ನಿಲ್ಲಸಬ್ಯಾಡವ್ವಾ, ಹಾಡು ಹಾಡು! ಟೇಪು ಓಡಾಕತ್ತೈತಿ!”

ನಾಲ್ವರು ಹೆಂಗಸರೂ ಬೆಚ್ಚಿ ಅವನ ಕಡೆ ತಿರುಗಿದರು. ಹಸಿರು ಪಟ್ಟಿ ಅವನ ಕೂಗಿಗೆ ಕೆಂಪು ಮುಟ್ಟಿ ಕೆಳಗಿಳಿಯಿತು. ದ್ಯಾಮಕ್ಕ ಸೆರಗು ಇಳಿಸಿದಳು. ಈಗ ತುಟಿ ಕಂಡಿತು.

“ಹಾಡಾಕತ್ತಿದ್ದೆನಲ್ಲಪ್ಪಾ.”

ನಾಗಲಿಂಗಮ್ಮ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಅದು ಹಾಲೇಶಪ್ಪನಿಗೆ ಕೇಳಲಿಲ್ಲ, ಆದರೆ ಕೇಳದೆಯೂ ಗೊತ್ತಾಯಿತು. ಎಲ್ಲರೂ ಅವನ ಮುಖ ಬಿಟ್ಟು ಅವನ ಕಿವಿಯನ್ನು ನೋಡುತ್ತಿದ್ದರು. ಬಾಗಿಲಲ್ಲಿ ನೀಲಗಂಗಮ್ಮ ಬಂದು ನಿಂತಿದ್ದಳು. ‘ಹ್ಞಾಂ, ಖರೇ’ ಎಂದು ಜಾರಿಕೊಳ್ಳಲು ಈಗ ಜಾಗವಿರಲಿಲ್ಲ. ಅವನಿಗೆ ಅಳುವೇ ಬಂದಿತ್ತು.

“ನನಗ ಕೇಳಲಿಲ್ಲವ್ವ,” ಎಂದ. “ಸಣ್ಣ ದನಿ ಕೇಳ್ಸಂಗಿಲ್ಲ ನನಗ. ಆರೇಳು ವರ್ಷ ಆತು. ಯಾರಿಗೂ ಹೇಳಿದ್ದಿಲ್ಲ. ನಿನ್ನ ಹಾಡು ಕೆಡಿಸಿಬಿಟ್ಟೆ.”

ಅವರು ಎದ್ದು ಹೋಗುತ್ತಾರೆ, ಸಂಜೆಯೊಳಗೆ ಐದೂ ತಾಲೂಕಿಗೆ ಗೊತ್ತಾಗುತ್ತದೆ ಎಂದು ಅವನು ಕಾದ. ದ್ಯಾಮಕ್ಕನಿಗೆ ಅವನ ಕಿವಿಯ ಚಿಂತೆ ಇರಲೇ ಇಲ್ಲ. ಆಕೆ ತಂಬಿಗೆಯನ್ನು ನೋಡುತ್ತಿದ್ದಳು.

“ನಿನ್ನ ಕಿವಿದು ಆಮ್ಯಾಲೆ ನೋಡಾನು. ಹಾಡು ನಡುವ ಮುರೀತು, ಹುಡುಗಿ ಹೊಸ್ತಿಲ ಮ್ಯಾಲೆ ನಿಂತಾಳ. ತವರಿನ್ಯಾಗೂ ಇಲ್ಲ, ಗಂಡನ ಮನ್ಯಾಗೂ ಇಲ್ಲ. ಹಂಗ ಬಿಡಬಾರದು. ಮುರಿದಾವನಾ ಸ್ವಾದರಮಾವ ಆಗಿ ಆಕೀನ್ನ ತೊಡಿಮ್ಯಾಲೆ ಕುಂದ್ರಿಸಿಕೊಂಡು ದಾಟಸಬೇಕು. ಬಾ ಇಲ್ಲಿ.”

ಹೀಗೆ ಐವತ್ತೆರಡರ ಹಾಲೇಶಪ್ಪ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ, ಹಸಿರು ಕುಪ್ಪಸದ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋದರಮಾವನಾದ. ಆದರೆ ಕೂರುವ ಮೊದಲು, ಕಂಪ್ಯೂಟರ್ ಮುಂದೆ ಯಾರು? “ನನಗ ಆ ಇಲಿ ಹಿಡ್ಯಾಕ ಬರಂಗಿಲ್ರಿ,” ಎಂದಳು ನೀಲಗಂಗಮ್ಮ. “ಹಿಡೀಬ್ಯಾಡ. ಬಾಣ ಕೆಂಪು ಗುಂಡಿನ ಮ್ಯಾಲೆ ಇಟ್ಟೀನಿ, ಇಲಿ ಬೆನ್ನ ಮ್ಯಾಲೆ ಒಂದು ಸಲ ಒತ್ತು ಸಾಕು,” ಎಂದು ಹೇಳಿ, ತನ್ನ ಹೆಡ್‌ಫೋನನ್ನು ಆಕೆಯ ತಲೆಗೆ ತಾನೇ ತೊಡಿಸಿದ. ಹನ್ನೆರಡು ವರ್ಷದಲ್ಲಿ ಅದು ಇನ್ನೊಬ್ಬರ ತಲೆ ಏರಿದ್ದು ಅದೇ ಮೊದಲು. ಆಕೆಯ ತಲೆಗೆ ದೊಡ್ಡದಾಗಿ ಜಾರುತ್ತಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡಳು.

ದ್ಯಾಮಕ್ಕ ಮತ್ತೆ ಮೊದಲಿನಿಂದ ಹಾಡಿದಳು. ಆ ಜಾಗ ಬಂದಾಗ ಸೆರಗನ್ನು ಅಡ್ಡ ಹಿಡಿದು ತಂಬಿಗೆಯ ಹತ್ತಿರ, ಅಂದರೆ ಹಾಲೇಶಪ್ಪನ ಎದೆಯ ಹತ್ತಿರವೇ ಬಾಗಿದಳು. ಆಕೆಯ ಉಸಿರು ಅವನ ಮುಂಗೈಗೆ ತಾಗಿತು. ಮಾತು ತಾಗಲಿಲ್ಲ. ಒಂದು ಗೇಣು ದೂರದಲ್ಲಿ ಒಬ್ಬರು ಹಾಡುತ್ತಿದ್ದಾರೆ, ತನಗೆ ಒಂದಕ್ಷರವೂ ಇಲ್ಲ. ತಲೆಯೆತ್ತಿ ನೋಡಿದರೆ ನೀಲಗಂಗಮ್ಮ ಹೆಡ್‌ಫೋನ್ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಕೆಯ ಮದುವೆಯಾಗಿ ಇಪ್ಪತ್ತೆಂಟು ವರ್ಷವಾಗಿತ್ತು.

ಹಾಡು ಮುಗಿದ ಮೇಲೆ ಹಾಲೇಶಪ್ಪ ಕೇಳಿದ. ಇನ್ನು ಕೇಳಲು ನಾಚಿಕೆ ಏನಿತ್ತು? “ಯವ್ವಾ, ಅಲ್ಲಿ ಅಷ್ಟು ಸಣ್ಣ ದನಿ ಯಾಕ?”

“ಅದು ಅವ್ವ ಮಗಳಿಗೆ ಹೇಳೋ ಮಾತು. ಬೀಗರಿಗೆ ಕೇಳಬಾರದು,” ಎಂದು ದ್ಯಾಮಕ್ಕ ಎದ್ದಳು. ಆ ಮಾತೇನೆಂದು ಅವನು ಕೇಳುವಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಹೆಂಗಸರು ಗಡಿಬಿಡಿ ಮಾಡಿದರು.

ಮರುದಿನ ಗಂಡಹೆಂಡತಿ ಹಾಡನ್ನು ತಿದ್ದಲು ಕೂತರು. ಪರದೆಯ ಮೇಲೆ ದ್ಯಾಮಕ್ಕನ ಹಾಡು ಗುಡ್ಡದ ಸಾಲಿನಂತೆ ಹಬ್ಬಿತ್ತು, ನಡುವೆ ಆ ಜಾಗದಲ್ಲಿ ಮಾತ್ರ ಹೂ ಕಟ್ಟುವ ದಾರದಷ್ಟು ತೆಳ್ಳಗೆ. ಹಾಲೇಶಪ್ಪನ ಕೈ ತುರಿಸಿತು. ಅದನ್ನೂ ಹಿಡಿದೆತ್ತಿ ಗುಡ್ಡದ ಸಮಕ್ಕೆ ನಿಲ್ಲಿಸಿದರೆ ಬಸ್ಸಿನಲ್ಲೂ ಕೇಳುತ್ತದೆ, ಮದುವೆಮನೆಯ ಹಾರನ್ ಸ್ಪೀಕರಿನಲ್ಲೂ ಕೇಳುತ್ತದೆ. ಇನ್ನೂ ನಿಜ ಹೇಳಬೇಕೆಂದರೆ, ತನಗೂ ಕೇಳುತ್ತದೆ. ಎತ್ತಿದ. ಹೆಡ್‌ಫೋನ್ ಹಾಕಿದ್ದ ನೀಲಗಂಗಮ್ಮ ಮುಖ ಕಿವುಚಿದಳು.

“ಈಗ ಅವ್ವ ಹೇಳ್ದಂಗಿಲ್ರಿ. ಪಂಚಾಯ್ತಿಯವ್ರು ಡಂಗುರ ಸಾರಿದಂಗೈತಿ.”

“ಇಳಸಿದ್ರ ಬಸ್ಸಿನ್ಯಾಗ ಯಾರಿಗೂ ಕೇಳ್ಸಂಗಿಲ್ಲಲೇ. ನನ್ನ ಹೆಸರೇ ಜೋರಿಂದು.”

“ನಿಮ್ಮ ಹೆಸರು ಬೋರ್ಡಿನ್ಯಾಗ ಇರಲಿ. ಇಳಸ್ರಿ.”

ಇಳಿಸಿದ. ತುಂಬ ಹೊತ್ತು ಎಳೆದಾಡಿದರು. ಕಡೆಗೆ ಆಕೆ ಹೆಡ್‌ಫೋನ್ ತೆಗೆದಿಟ್ಟು, ಸ್ಪೀಕರ್ ಹಾಕಿಸಿ, ಹಿಂದಿನ ಕೋಣೆಗೆ ಹೋಗಿ ಹೂ ಎಣಿಸಲು ಕೂತಳು. ಇವನು ಬಾಗಿಲ ಸಂದಿಯಿಂದ ಆಕೆಯ ಕೈ ನೋಡುತ್ತಿದ್ದ. ಆ ಜಾಗಕ್ಕೆ ಬಂದಾಗ ಎಣಿಕೆ ತಪ್ಪಲೂ ಬಾರದು, ಆಕೆ ಬಾಗಲೂ ಬಾರದು. ಐದಾರು ಸಲ ಕೂದಲೆಳೆಯಷ್ಟು ಏರಿಸಿ, ಇಳಿಸಿ ನೋಡಿದ. ಏಳನೇ ಸಲ ಆ ಜಾಗ ಬಂದಾಗ ಮೊಗ್ಗು ಹಿಡಿದ ಕೈ ತಾನಾಗಿಯೇ ನಿಂತಿತು. ಹಾಡು ದಾಟಿದ ಮೇಲೆ ಮತ್ತೆ ಎಣಿಕೆ ಶುರುವಾಯಿತು. ಹಾಲೇಶಪ್ಪ ಅಲ್ಲಿಗೆ ಬಿಟ್ಟ.

ಬಿಟ್ಟನೇ ಹೊರತು ಧೈರ್ಯವಿರಲಿಲ್ಲ. ಕೆಂಪು ಮುಳ್ಳಿನ ಹಾಲೇಶಪ್ಪ ಒಂದು ಹಾಡಿನ ನಡುವೆ ಅರ್ಧ ನಿಮಿಷ ಹಳ್ಳ ಬಿಟ್ಟಿದ್ದಾನೆ, ಕಿವಿ ಹೋಗಿದೆ ಅಂತಿದ್ದರಲ್ಲ, ಖರೇ ನೋಡು ಎಂದು ಜನ ಅಂದೇ ಅನ್ನುತ್ತಾರೆ. ಸುದ್ದಿ ಆಗಲೇ ಹಬ್ಬಿತ್ತು. ಸಿ.ಡಿ. ತೆಗೆದುಕೊಳ್ಳಲು ಬಂದ ಓಬಳೇಶ ಎಂದೂ ಇಲ್ಲದ್ದು ಅವನ ಎದುರಿಗೆ ನಿಂತು, ತುಟಿ ಬಿಡಿಸಿ, ಒಂದೊಂದೇ ಮಾತನ್ನು ನಿಧಾನವಾಗಿ ಆಡಿದ. ಹಾಲೇಶಪ್ಪನಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ಆದರೂ ಎಲ್ಲ ಮಾತೂ ತಿಳಿಯಿತು.

ಹಾಡನ್ನು ಬಸ್ಸಿನಲ್ಲಿ ಪರೀಕ್ಷಿಸಲು ಗಂಡಹೆಂಡತಿ ಇಬ್ಬರೂ ಹೋದರು. ಹೂ ತರಲು ಹೇಗೂ ನೀಲಗಂಗಮ್ಮ ಹಡಗಲಿಗೆ ಹೋಗಬೇಕಿತ್ತು. ಬಸ್ಸು ತುಂಬಿತ್ತು. ದ್ಯಾಮಕ್ಕನ ಹಾಡು ಶುರುವಾಯಿತು. ಮೊದಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. ಇಬ್ಬರು ಸೀಟಿಗಾಗಿ ಜಗಳವಾಡುತ್ತಿದ್ದರು, ಕಂಡಕ್ಟರ್ ಚಿಲ್ಲರೆ ಕೇಳುತ್ತಿದ್ದ. ಹಾಲೇಶಪ್ಪ ಮನಸ್ಸಿನಲ್ಲೇ ಹಾಡಿನ ಉದ್ದ ಎಣಿಸುತ್ತಿದ್ದ. ಇನ್ನು ಎರಡು ನುಡಿ, ಇನ್ನು ಒಂದು, ಈಗ ಬರುತ್ತದೆ ಆ ಜಾಗ. ಓಬಳೇಶನ ಕೈ ಸೌಂಡಿನ ಬಟನ್ನಿನ ಕಡೆ ಹೋಗುವುದನ್ನು ಕಾಯುತ್ತ, ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದ.

ಕೈ ಹೋಗಲಿಲ್ಲ. ಬಸ್ಸು ರಸ್ತೆಬದಿಗೆ ಸರಿಯಿತು. ಓಬಳೇಶ ಹಾಡನ್ನು ಏರಿಸಲಿಲ್ಲ, ಎಂಜಿನ್ ಆರಿಸಿದ.

ಸೀಟಿನ ಕೆಳಗಿನ ನಡುಕ ನಿಂತದ್ದು ಹಾಲೇಶಪ್ಪನಿಗೆ ತಿಳಿಯಿತು. ಹಾಡು ಮಾತ್ರ ಅವನ ಪಾಲಿಗೆ ಆಗಲೇ ನಿಂತಿತ್ತು. ಬಸ್ಸು ಕೆಟ್ಟಿತು ಎಂದುಕೊಂಡ. “ಯಾಕಲೇ ಓಬಳೇಶ, ಗಾಡಿ ಕೆಟ್ಟಿತೇನು?” ಎಂದು ಕೇಳಿದ. ತನ್ನ ದನಿ ಎಷ್ಟು ದೊಡ್ಡದೆಂದು ತನಗೆ ಗೊತ್ತಾಗದೆ ಹೋಗಿ ಎಷ್ಟೋ ವರ್ಷವಾಗಿತ್ತು.

ಇಡೀ ಬಸ್ಸು ಅವನ ಕಡೆ ತಿರುಗಿ ಗದರಿತು. ಪಕ್ಕದ ಮುದುಕನಂತೂ ತುಟಿಗೆ ಬೆರಳಿಟ್ಟು, “ಏ, ಬಾಯ್ಮುಚ್ಚಿ ಕುಂದರ್ರಿ, ಹಾಡು ಕೇಳಬೇಕು!” ಎಂದ. ಜಗಳವಾಡುತ್ತಿದ್ದವರು ಸುಮ್ಮನಾಗಿದ್ದರು. ಕಂಡಕ್ಟರ್ ಚೀಲದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ, ಚಿಲ್ಲರೆ ಸದ್ದಾಗದಂತೆ. ಹೊಸ ಸೀರೆಯ ಹುಡುಗಿಯೊಬ್ಬಳು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ಹಾಲೇಶಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನು ಮಾಡಿದ ನೂರಾರು ಕ್ಯಾಸೆಟ್ಟುಗಳಲ್ಲಿ ಯಾವುದಕ್ಕೂ ಒಂದು ಬಸ್ಸು ಹೀಗೆ ಉಸಿರು ಹಿಡಿದಿರಲಿಲ್ಲ.

ನೀಲಗಂಗಮ್ಮನ ಭುಜ ಮುಟ್ಟಿದ. ಏನು ಹಾಡುತ್ತಿದ್ದಾಳೆ ಎಂದು ಕಣ್ಣಲ್ಲೇ ಕೇಳಿದ. ಆಕೆ ಅವನ ಕಡೆ ಪೂರ್ತಿ ತಿರುಗಿ, ದನಿಯಿಲ್ಲದೆ, ತುಟಿಯನ್ನಷ್ಟೇ ಆಡಿಸಿ ಹಾಡಿನ ಜೊತೆ ಜೊತೆಗೇ ಹೇಳಿದಳು:

“ಸಣ್ಣ ದನಿಲೆ ಕರದರ ಸಾಕ ನನ ಮಗಳ, ಎಷ್ಟು ದೂರಿದ್ರೂ ನಾ ಕೇಳ್ತೀನಿ.”

ಹಾಲೇಶಪ್ಪ ಆಕೆಯ ತುಟಿಯಿಂದ ಕಣ್ಣು ಕೀಳದೆ ‘ಹ್ಞೂಂ’ ಎಂದ. ಅದೂ ಜೋರಾಗಿಯೇ ಬಂದಿತೆಂದು ಕಾಣುತ್ತದೆ, ಮುದುಕ ಮತ್ತೊಮ್ಮೆ ತಿರುಗಿ ನೋಡಿದ.